ಪ್ರವಾಸಕ್ಕೆ ಸೀಮೆಯನ್ನು ಆರಿಸುವ ಬಗೆ

ರಜೆಯ ದಿನಗಳು ಸಮೀಪಿಸಿದೊಡನೆ ಸಂಸಾರಸ್ಥರ ಮನೆಗಳಲ್ಲಿ ಒಂದು ಚರ್ಚೆಯು ಹುಟ್ಟುವುದು. ಮಕ್ಕಳಿಗೆ ಜೋಗವು ಬೇಕು. ಗೃಹಿಣಿಗೆ ಶೃಂಗೇರಿ, ಹೊರನಾಡುಗಳು ಬೇಕು. ಯಜಮಾನನಿಗೆ ಹಂಪೆಯನ್ನು ನೋಡಲಿಲ್ಲವೆಂಬ ಕೊರಗು. ವೃದ್ಧೆಯಾದ ತಾಯಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೊನೆಗೆ ಎಲ್ಲರಿಗೂ ಸಮಾಧಾನವಾಗಲೆಂದು ನಾಲ್ಕೇ ದಿನಗಳಲ್ಲಿ ಎಲ್ಲವನ್ನೂ ಮುಗಿಸಿಬರುವ ಏರ್ಪಾಡಾಗುವುದು. ಇಂತಹ ಏರ್ಪಾಡಿನಿಂದ ಯಾರಿಗೂ ಸಮಾಧಾನವಾಗದೆಂಬುದನ್ನು ಅರಿಕೆಮಾಡುವುದಕ್ಕಾಗಿಯೇ ಈ ತಿಂಗಳ ನಮ್ಮ ಮಾತುಗಳು.

ಕರ್ನಾಟಕವು ಸಣ್ಣ ನಾಡಲ್ಲ. 31 ಜಿಲ್ಲೆಗಳುಳ್ಳ ಈ ರಾಜ್ಯದ ವಿಸ್ತಾರವು 1,91,791 ಚದರ ಕಿಲೋಮೀಟರು. ಪಡುವಲಲ್ಲಿ ಕಡಲು, ಅದರ ಬೆನ್ನಿಗೆ ಸಹ್ಯಾದ್ರಿ, ಮೂಡಲಿಗೆ ಬಯಲುಸೀಮೆ, ಬಡಗಲಿಗೆ ಕಪ್ಪು ಎರೆಯ ಭೂಮಿ. ಒಂದೊಂದರ ಹವೆಯೂ ಆಹಾರವೂ ಬೇರೆ ಬೇರೆ. ಇದೆಲ್ಲವನ್ನೂ ಒಂದೇ ಉಸಿರಿನಲ್ಲಿ ಸುತ್ತಹೊರಟವನು ರಸ್ತೆಯನ್ನು ಕಾಣುವನೇ ಹೊರತು ನಾಡನ್ನು ಕಾಣಲಾರನು. ನಮ್ಮ ನೆರೆಯ ಗೃಹಸ್ಥರೊಬ್ಬರು ಹೀಗೆಯೇ ಹಂಪೆ, ಬಾದಾಮಿ, ಐಹೊಳೆ, ಪಟ್ಟದಕಲ್ಲು, ವಿಜಯಪುರಗಳನ್ನು ನಾಲ್ಕು ದಿನಗಳಲ್ಲಿ ಮುಗಿಸಿ ಬಂದರು. ಜೊತೆಯಲ್ಲಿ ಹೋಗಿದ್ದ ಅವರ ತಾಯಿಯನ್ನು, "ಅಮ್ಮಾ, ಏನೇನು ನೋಡಿದಿರಿ?" ಎಂದು ನಾವು ವಿಚಾರಿಸಿದಾಗ ಆಕೆಯು, "ಗಾಡಿಯನ್ನು ನೋಡಿದೆನಪ್ಪಾ, ಅವರು ಮೆಟ್ಟಿಲು ಹತ್ತಿ ಇಳಿದು ಬರುವವರೆಗೆ ನಾನು ಅದರಲ್ಲಿಯೇ ಕುಳಿತಿದ್ದೆ" ಎಂದರು. ಆ ಮಾತಿನಲ್ಲಿ ದೂರೇನೂ ಇರಲಿಲ್ಲ. ಕೇಳಿದ ನಮಗೆ ಮಾತ್ರ ಬಹಳ ವ್ಯಥೆಯಾಯಿತು. ಆಕೆಗೆ ಇನ್ನೊಂದು ಪ್ರವಾಸವು ಕೂಡಿಬರುವುದೆಂದು ಯಾರು ಹೇಳಬಲ್ಲರು?

ದಾನಮಾಡುವಾಗ ದೇಶ, ಕಾಲ, ಪಾತ್ರಗಳನ್ನು ವಿವೇಚಿಸಬೇಕೆಂದು ನಮ್ಮ ಪೂರ್ವಿಕರು ಹೇಳಿರುವರು. ಪ್ರವಾಸಕ್ಕೂ ಇದೇ ವಿವೇಚನೆಯು ಸಲ್ಲುವುದು. ಆದರೆ ಇಲ್ಲಿ ಪಾತ್ರವನ್ನೇ ಮೊದಲು ನೋಡತಕ್ಕದ್ದು. ಹೊರಡುವವರಲ್ಲಿ ಎಲ್ಲರಿಗಿಂತಲೂ ಅಶಕ್ತರು ಯಾರೋ ಅವರ ಕಾಲಿನ ಬಲವೇ ಪ್ರವಾಸದ ಅಳತೆ. ಶ್ರವಣಬೆಳಗೊಳದ ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲುಗಳುಂಟು. ಬಾದಾಮಿಯ ಗುಹಾಲಯಗಳಿಗೂ ಮೆಟ್ಟಿಲುಗಳನ್ನೇರಬೇಕು. ಮಂಡಿನೋವಿನವರೂ ಎಳೆಗೂಸುಗಳೂ ಜೊತೆಯಲ್ಲಿದ್ದರೆ ನೆಲಮಟ್ಟದ ದೇವಾಲಯಗಳುಳ್ಳ ಊರುಗಳೇ ಲೇಸು.

ಎರಡನೆಯದು ಕಾಲ. ಜೋಗದ ವೈಭವವನ್ನು ಕಾಣಬೇಕಾದರೆ ಮಳೆಗಾಲವೇ ಬೇಕು; ಅದೇ ಮಳೆಯಲ್ಲಿ ಆಗುಂಬೆಯ ಕಾಡುದಾರಿಯು ಜಿಗಣೆಗಳ ಪಾಲಾಗಿರುವುದು. ಹಂಪೆಯ ಬಂಡೆಗಳು ವೈಶಾಖದಲ್ಲಿ ಕಾದ ಕಾವಲಿಯಂತಿರುವುವು. ಅಲ್ಲಿಗೆ ಮಾರ್ಗಶಿರದಿಂದ ಮಾಘದವರೆಗೆ ಹೋಗುವುದು ಸುಖಕರ. ಬೇಸಗೆಯ ರಜೆಯೊಂದೇ ದೊರೆಯುವವರು ಬಡಗಲ ಸೀಮೆಯ ಆಸೆಯನ್ನು ಬಿಟ್ಟು ನೆರಳುಳ್ಳ ನಾಡನ್ನು ಆರಿಸಿಕೊಳ್ಳಲಿ.

ಮೂರನೆಯದು ದೇಶ. ಒಂದು ಪ್ರವಾಸಕ್ಕೆ ಒಂದೇ ಸೀಮೆ. ಒಂದು ಊರಿನಲ್ಲಿ ಬಿಡಾರ. ಪ್ರತಿ ರಾತ್ರಿಯೂ ಅದೇ ಹಾಸಿಗೆ. ಹಂಪೆಯನ್ನೇ ನೋಡಬೇಕೆಂಬವರು ನಾಲ್ಕು ದಿನಗಳನ್ನೂ ಹಂಪೆಗೇ ಕೊಡಲಿ. ಈ ಕ್ರಮವು ಹೇಗೆ ನಡೆಯುವುದೆಂಬುದಕ್ಕೆ ನಮ್ಮ ತೆಂಗಿನ ಸೀಮೆಯನ್ನೇ ಉದಾಹರಿಸುವೆವು.

ಬೆಂಗಳೂರಿನಿಂದ ಅರಸೀಕೆರೆಗೆ ಹೋಗುವ ರೈಲುದಾರಿಯಲ್ಲಿ ತಿಪಟೂರಿರುವುದು. ಅಲ್ಲಿ ಬಿಡಾರಮಾಡಿ ಮೊದಲನೆಯ ದಿನ ಅರಳಗುಪ್ಪೆಗೆ ಹೋಗತಕ್ಕದ್ದು. ಅಲ್ಲಿಯ ಕಲ್ಲೇಶ್ವರ ದೇವಾಲಯವು 9ನೆಯ ಶತಮಾನದ್ದು. ಅದರ ಭುವನೇಶ್ವರಿಯಲ್ಲಿ ನರ್ತಿಸುವ ಶಿವನನ್ನು ಅಷ್ಟದಿಕ್ಪಾಲಕರು ಸುತ್ತುವರಿದಿರುವರು. ಅದೇ ಊರಿನ ಚೆನ್ನಕೇಶವ ದೇವಾಲಯವು 13ನೆಯ ಶತಮಾನದ ಹೊಯ್ಸಳ ಕಾರ್ಯ. ಹೀಗೆ ನಾಲ್ಕು ಶತಮಾನಗಳ ಅಂತರವನ್ನು ಒಂದೇ ಹಳ್ಳಿಯಲ್ಲಿ ನಡೆದು ನೋಡುವ ಭಾಗ್ಯವು ಮಕ್ಕಳಿಗೆ ಯಾವ ಪಾಠಶಾಲೆಯಲ್ಲಿ ದೊರೆತೀತು?

ಎರಡನೆಯ ದಿನ ವಿಘ್ನಸಂತೆ ಮತ್ತು ತುರುವೇಕೆರೆ. ವಿಘ್ನಸಂತೆಯ ಲಕ್ಷ್ಮೀನರಸಿಂಹ ದೇವಾಲಯವು 1286ರದು. ತುರುವೇಕೆರೆಯ ಚೆನ್ನಕೇಶವ ದೇವಾಲಯವನ್ನು 1263ರಲ್ಲಿ ಮೂರನೆಯ ನರಸಿಂಹನ ದಂಡನಾಯಕನಾದ ಸೋಮಣ್ಣನು ಕಟ್ಟಿಸಿದನು. ಗಂಗಾಧರೇಶ್ವರನ ಮುಂದಿರುವ ದೊಡ್ಡ ನಂದಿಯ ಕರಿಯ ಕಲ್ಲಿನ ನಯವನ್ನು ಎಷ್ಟು ಹೇಳಿದರೂ ಸಾಲದು.

ಮೂರನೆಯ ದಿನ ಚನ್ನರಾಯಪಟ್ಟಣದ ರಸ್ತೆಯಲ್ಲಿರುವ ನುಗ್ಗೇಹಳ್ಳಿ. 1246ರ ಇಲ್ಲಿಯ ಲಕ್ಷ್ಮೀನರಸಿಂಹ ದೇವಾಲಯದ ಗೋಡೆಗಳ ಮೇಲೆ ಬೈಚೋಜ, ಮಲ್ಲಿತಮ್ಮರೆಂಬ ಶಿಲ್ಪಿಗಳು ದುಡಿದಿರುವರು. ಒಬ್ಬನ ಕೈವಾಡವು ದಕ್ಷಿಣ ಭಾಗದಲ್ಲಿ, ಇನ್ನೊಬ್ಬನದು ಉತ್ತರ ಭಾಗದಲ್ಲಿ. ಈ ಮಲ್ಲಿತಮ್ಮನೇ ಸೋಮನಾಥಪುರದಲ್ಲಿಯೂ ಕೆಲಸಮಾಡಿದವನು. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅವನ್ನು ನೋಡಲು ಲೋಕವೇ ಬರುವುದು. ಅದೇ ಉಳಿಯ ಕೆಲಸವು ನುಗ್ಗೇಹಳ್ಳಿಯಲ್ಲಿ ನೂಕುನುಗ್ಗಲಿಲ್ಲದೆ ನಿಂತಿರುವುದು. ಮುದುಕರು ಜಗತಿಯ ಅಂಚಿನಲ್ಲಿ ಕುಳಿತು ನಿಧಾನವಾಗಿ ನೋಡಬಹುದು.

ನಾಲ್ಕನೆಯ ದಿನ ಚಿಕ್ಕನಾಯಕನಹಳ್ಳಿಯ ಕಡೆಗೆ ತೋಟಗಳ ನಡುವೆ ಸಾಗಿ, ಸುವರ್ಣಮುಖಿಗೆ ಅಡ್ಡಲಾಗಿ ಕಟ್ಟಿರುವ ಬೋರನಕಣಿವೆಯ ಜಲಾಶಯವನ್ನು ನೋಡಿಬರಬಹುದು. ದಾರಿಯಲ್ಲಿ ರೈತರ ಅನುಮತಿಯನ್ನು ಪಡೆದು ಕೊಬ್ಬರಿಯ ಅಟ್ಟವೊಂದನ್ನು ಮಕ್ಕಳಿಗೆ ಅವಶ್ಯವಾಗಿ ತೋರಿಸಿರಿ. ಬಲಿತ ಕಾಯಿಗಳನ್ನು ಸಿಪ್ಪೆಸಹಿತವಾಗಿ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಬಿಡುವರು. ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು, ಅಲುಗಿಸಿದರೆ ಸದ್ದುಮಾಡುವುದು. ಆಗಲೇ ಅದು ಉಂಡೆಕೊಬ್ಬರಿ. ಅದಕ್ಕೆ ಮೊದಲೇ ಆತುರಪಟ್ಟು ಒಡೆದವನಿಗೆ ಉಂಡೆಯು ದಕ್ಕುವುದಿಲ್ಲ. ಅದನ್ನು ಮಾರುವ ತಿಪಟೂರಿನ ಮಾರುಕಟ್ಟೆಯೂ ನೋಡತಕ್ಕದ್ದೇ.

ಎರಡು ಸೂಚನೆಗಳು. ಹಳ್ಳಿಗಳ ದೇವಾಲಯಗಳು ಎಲ್ಲ ಹೊತ್ತಿನಲ್ಲಿಯೂ ತೆರೆದಿರುವುದಿಲ್ಲ. ಬೆಳಗಿನ ಪೂಜೆಯ ವೇಳೆಗೆ ಹೋಗಿರಿ, ಬಾಗಿಲು ಮುಚ್ಚಿದ್ದರೆ ಅರ್ಚಕರ ಮನೆಯನ್ನು ವಿನಯದಿಂದ ವಿಚಾರಿಸಿರಿ. ಸಣ್ಣ ಊರುಗಳಲ್ಲಿ ಊಟವು ದೊರೆಯುವುದೆಂದು ನಂಬಿಕೊಳ್ಳದೆ ಬುತ್ತಿಯನ್ನು ಕಟ್ಟಿಕೊಳ್ಳಿರಿ.

ಈ ಸೀಮೆಯವರೇ ಆದ ವಾಚಕರಲ್ಲಿ ಒಂದು ಮಾತು. ದೂರದ ಊರುಗಳ ಚಿತ್ರಗಳನ್ನು ಗೋಡೆಗೆ ತೂಗುಹಾಕಿರುವ ಎಷ್ಟೋ ಮನೆಗಳ ಮಕ್ಕಳು ಅರಳಗುಪ್ಪೆಯನ್ನು ಕಂಡಿಲ್ಲ. ನೋಡುವವರಿಲ್ಲದ ಗುಡಿಯಲ್ಲಿ ಮೊದಲು ದೀಪವು ನಿಲ್ಲುವುದು, ಆಮೇಲೆ ಗಿಡವು ಗೋಡೆಯನ್ನು ಸೀಳುವುದು. ವರ್ಷಕ್ಕೊಮ್ಮೆ ಒಂದು ಸಂಸಾರವು ಹೋಗಿ ಬಾಗಿಲನ್ನು ತೆಗೆಸಿದರೂ ಆ ಗುಡಿಗೆ ಅದೊಂದು ರಕ್ಷಣೆ.