ಹಳೆಯ ಕಾರೂ ಹೊಸ ಕಾನೂನೂ

ವೇಗದ ಕಾರನ್ನು ಇಟ್ಟುಕೊಂಡವನನ್ನು ನಮ್ಮ ಜನ ಎರಡೇ ಬಗೆಯಾಗಿ ಕಾಣುತ್ತಾರೆ. ಒಂದೋ ಅವನು ಹಣದ ಮದವೇರಿದ ಧನಿಕ, ಇಲ್ಲವೇ ಸೈಲೆನ್ಸರನ್ನು ಕತ್ತರಿಸಿ ಊರಿನ ನಿದ್ದೆ ಕೆಡಿಸುವ ಪುಂಡ. ಈ ಎರಡೂ ಅಲ್ಲದ ಮೂರನೆಯ ಜಾತಿಯೊಂದಿದೆ. ಸಾಧಾರಣ ಸಂಬಳದವನು, ಇಪ್ಪತ್ತು ಇಪ್ಪತ್ತೈದು ವರ್ಷಗಳ ಹಿಂದೆ ತನ್ನ ಕಾಲದಲ್ಲಿ ಚುರುಕೆನಿಸಿಕೊಂಡ ಒಂದು ಕಾರನ್ನು ಕೊಂಡವನು, ಅದನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ, ಕಾನೂನಿನ ಕಣ್ಣಿಗೂ ತನ್ನ ಕಣ್ಣಿಗೂ ಸರಿಯೆನಿಸುವಂತೆ ನಡೆಸಿಕೊಂಡು ಬರುವವನು. ಆ ಜಾತಿಗೆ ಸೇರಿದವನು ನಾನು. ನಮ್ಮ ಪರವಾಗಿ ಮಾತನಾಡುವವರು ಕಡಿಮೆಯಾದುದರಿಂದ ನಾಲ್ಕು ಮಾತು ಬರೆಯಬೇಕೆನಿಸಿತು.

ನಾನಿರುವ ಕಕ್ಕಿಂಜೆಯನ್ನು ವಾಚಕರಲ್ಲಿ ಬಹುಮಂದಿ ಕಂಡಿರಲಾರರು. ಹಾದು ಹೋದವರು ಮಾತ್ರ ಸಾವಿರಾರು. ಮಂಗಳೂರಿನಿಂದ ತುಮಕೂರಿಗೆ ಹೋಗುವ 73ನೆಯ ರಾಷ್ಟ್ರೀಯ ಹೆದ್ದಾರಿ ಉಜಿರೆ, ಮುಂಡಾಜೆಗಳನ್ನು ದಾಟಿ, ಚಾರ್ಮಾಡಿ ಘಾಟಿಯನ್ನು ಹತ್ತುವ ಮೊದಲು ನಮ್ಮ ಪೇಟೆಯನ್ನು ಮುಟ್ಟುತ್ತದೆ. ಘಾಟಿಯ ಬುಡದ ಊರು ಎಂದಮೇಲೆ, ಯಾವ ಕಾರು ಎಂತಹದು, ಯಾವ ಚಾಲಕ ಎಂತಹವನು ಎಂಬುದು ಇಲ್ಲಿ ಅಂಗಡಿಯ ಬೆಂಚಿನ ಮೇಲೆ ಕುಳಿತವರಿಗೂ ತಿಳಿಯುತ್ತದೆ. ಹತ್ತುವಾಗ ಎಂಜಿನ್ನು ತನ್ನ ಗುಣ ಹೇಳುತ್ತದೆ. ಇಳಿದು ಬಂದಮೇಲೆ ಚಕ್ರದಿಂದ ಏಳುವ ಸುಟ್ಟ ವಾಸನೆ ಚಾಲಕನ ಗುಣ ಹೇಳುತ್ತದೆ. ಘಾಟಿಯ ನಡುವೆ ಅಣ್ಣಪ್ಪ ಸ್ವಾಮಿಯ ಗುಡಿಯ ಮುಂದೆ ನಿಲ್ಲಿಸಿ ಕಾಣಿಕೆ ಹಾಕದೆ ಮುಂದೆ ಹೋಗುವ ವಾಹನ ವಿರಳ. ಭಕ್ತಿಯ ಮಾತು ಹಾಗಿರಲಿ. ಇಳಿಯುವ ಬಂಡಿಯ ಬ್ರೇಕಿಗೆ ಎರಡು ನಿಮಿಷ ತಣಿಯುವ ಬಿಡುವು ಸಿಕ್ಕುವುದೂ ಆ ಸ್ವಾಮಿಯ ಕೃಪೆಯೇ ಸರಿ.

ನನ್ನದು 2002ರಲ್ಲಿ ನೋಂದಣಿಯಾದ ಫಿಯೆಟ್ ಪಾಲಿಯೊ. 1596 ಸಿಸಿಯ ಎಂಜಿನ್ನು, ನೂರು ಅಶ್ವಶಕ್ತಿ. ಇಂದಿನ ಹುಡುಗರಿಗೆ ಇದು ನಗೆಯ ಮಾತು. ಆದರೆ ಆ ವರ್ಷಗಳಲ್ಲಿ, ಅದರಷ್ಟೇ ಗಾತ್ರದ ಇತರ ಕಾರುಗಳಲ್ಲಿ ಹೆಚ್ಚಿನವು ಇದರ ಅರೆವಾಸಿಗಿಂತ ತುಸು ಮೇಲಿನ ಶಕ್ತಿಯಲ್ಲಿ ತೃಪ್ತವಾಗಿದ್ದಾಗ, ಇದು ಬೇರೆಯೇ ಪ್ರಾಣಿಯಾಗಿತ್ತು. ಹೋಂಡಾ ಸಿಟಿಯ ವಿಟೆಕ್, ಫೋರ್ಡಿನ ಐಕಾನ್, ಸ್ವಲ್ಪ ಮುಂದೆ 150 ಅಶ್ವಶಕ್ತಿಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇವೆಲ್ಲ ಅದೇ ಪೀಳಿಗೆಯವು. ಮಧ್ಯಮ ವರ್ಗದವನ ಅಂಗಳಕ್ಕೆ ವೇಗವೆಂಬುದು ಮೊದಲಿಗೆ ಬಂದುದು ಇವುಗಳ ರೂಪದಲ್ಲಿ. ಇವು ಈಗ ಎಲ್ಲಿವೆ? ಕೆಲವು ಅಡಕೆ ತೋಟದ ಶೆಡ್ಡಿನಲ್ಲಿ ತೆಂಗಿನ ಗರಿಯ ಕೆಳಗೆ, ಹಲವು ಗುಜರಿಯಲ್ಲಿ, ಬಲ್ಲವರ ಕೈಯಲ್ಲಿ ಉಳಿದ ಕೆಲವೇ ಕೆಲವು ಇನ್ನೂ ರಸ್ತೆಯ ಮೇಲೆ.

ಕೊಳ್ಳುವುದು ಒಂದು ದಿನದ ಕೆಲಸ, ಸಾಕುವುದು ಪ್ರತಿದಿನದ್ದು. ‘ಸಾಕುವುದು’ ಎಂಬ ಮಾತನ್ನು ನಾನು ಬೇಕೆಂದೇ ಬಳಸುತ್ತಿದ್ದೇನೆ. ವೇಗಕ್ಕಾಗಿ ಒಂದು ಜೀವವನ್ನು ಸಾಕುವುದೆಂದರೇನು ಎಂಬುದನ್ನು ತುಳುನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂಡಬಿದಿರೆಯ, ವೇಣೂರಿನ ಕಂಬಳದ ಕರೆಯಲ್ಲಿ ಹದಿನಾಲ್ಕು ಹದಿನೈದು ಸೆಕೆಂಡು ಓಡುವ ಕೋಣಕ್ಕೆ ವರ್ಷವಿಡೀ ಹುರುಳಿ ಬೇಯಿಸಬೇಕು, ಎಣ್ಣೆ ತಿಕ್ಕಬೇಕು, ಈಜಿಸಬೇಕು, ಸೆಕೆಗೆ ಹಟ್ಟಿಯಲ್ಲಿ ಫ್ಯಾನು ತಿರುಗಬೇಕು. ಕೋಣ ಓಡಿದ ಹೊತ್ತು ಗಳಿಗೆ, ಸಾಕಿದ ಹೊತ್ತು ವರುಷ. ವೇಗದ ಕಾರಿನ ಲೆಕ್ಕವೂ ಹೀಗೆಯೇ.

ಮೊದಲನೆಯದು ಬ್ರೇಕು. ಉಜಿರೆಯ ಕಡೆಯ ನನ್ನ ಮೆಕ್ಯಾನಿಕ್, ಅರುವತ್ತು ದಾಟಿದವರು, ಮೊದಲ ಭೇಟಿಯಲ್ಲೇ ಹೇಳಿದ್ದರು: “ಮಾಸ್ಟ್ರೇ, ಕಾರು ಎಷ್ಟು ಓಡ್ತದೆ ಅಂತ ಕೇಳ್ಬೇಡಿ, ನಿಲ್ತದಾ ಅಂತ ಕೇಳಿ.” ಬ್ರೇಕಿನ ಎಣ್ಣೆಯ ಒಂದು ಗುಣವನ್ನು ಹೆಚ್ಚಿನವರು ಗಮನಿಸುವುದಿಲ್ಲ: ಅದು ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್-4 ಎಣ್ಣೆ ಕುದಿಯಬೇಕಾದರೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ನೀರು ಬೆರೆತು ಹಳತಾದಾಗ 155 ಡಿಗ್ರಿಯ ಮಟ್ಟಕ್ಕೆ ಅದು ಇಳಿಯಬಹುದು. ಎಣ್ಣೆ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆ; ಗುಳ್ಳೆಯೆದ್ದರೆ ಪೆಡಲು ಹತ್ತಿಯಂತೆ ಕೆಳಗಿಳಿಯುತ್ತದೆ, ಕಾರು ನಿಲ್ಲುವುದಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಸೀಮೆಯಲ್ಲಿ ಎರಡು ವರ್ಷಕ್ಕೊಮ್ಮೆ ಈ ಎಣ್ಣೆಯನ್ನು ಬದಲಿಸದೆ ಘಾಟಿ ಇಳಿಯುವುದು ಸಾಹಸವಲ್ಲ, ಅವಿವೇಕ. ಖರ್ಚೋ, ಕುಟುಂಬವೊಂದು ಹೋಟೆಲಿನಲ್ಲಿ ಒಂದು ಹೊತ್ತು ಉಂಡಷ್ಟು.

ಅನಂತರ ಟಯರು. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಮುದ್ರೆಯಿರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಕಡಿಮೆ ಓಡುವ ಕಾರಿನ ಟಯರು ಸವೆಯದೆಯೇ ಮುದಿಯಾಗುತ್ತದೆ. ಅದರ ಗೀರುಗಳು ಆಳವಾಗಿಯೇ ಇರುತ್ತವೆ, ರಬ್ಬರು ಮಾತ್ರ ಕಲ್ಲಾಗಿರುತ್ತದೆ. ಆಟಿಯ ಮಳೆಯಲ್ಲಿ ಅಂತಹ ಟಯರಿನ ಮೇಲೆ ತಿರುವು ತೆಗೆದುಕೊಳ್ಳುವುದಕ್ಕೂ ಪಾಚಿಗಟ್ಟಿದ ಅಂಗಳದಲ್ಲಿ ಓಡುವುದಕ್ಕೂ ವ್ಯತ್ಯಾಸವಿಲ್ಲ. ಟೈಮಿಂಗ್ ಬೆಲ್ಟು, ನೀರಿನ ಹೋಸು, ತಳದ ತುಕ್ಕು ಇವುಗಳ ಪುರಾಣ ಬೇರೆಯೇ ಇದೆ. ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ನಿನ ಮೇಲೆ ಸಂಸಾರ ಹೂಡಿ ವಯರು ಕಡಿಯುವ ಇಲಿಗಳ ವಿಷಯ ಬರೆಯಹೊರಟರೆ ಈ ಪುಟ ಸಾಲದು.

ಇಷ್ಟು ಒಡೆಯನ ಧರ್ಮ. ಇನ್ನು ಸರಕಾರದ್ದು.

ಖಾಸಗಿ ಕಾರಿನ ನೋಂದಣಿಗೆ ಹದಿನೈದು ವರ್ಷ ಆಯುಸ್ಸು. ಮುಂದೆ ಐದೈದು ವರ್ಷಕ್ಕೆ ನವೀಕರಣ. 2017ರಲ್ಲಿ ನಾನು ನವೀಕರಣಕ್ಕೆ ಕಟ್ಟಿದ ಶುಲ್ಕ 600 ರೂಪಾಯಿ. 2022ರ ಏಪ್ರಿಲಿನಿಂದ ಅದು 5,000 ಆಯಿತು. ಅದೇ ಮೇ ತಿಂಗಳಲ್ಲಿ ನನ್ನ ಸರದಿ ಬಂತು, ಕಟ್ಟಿದೆ. 2025ರ ಆಗಸ್ಟಿನಲ್ಲಿ ಹೊರಟ ಅಧಿಸೂಚನೆ, ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಎಂದು ಗೊತ್ತುಮಾಡಿತು; ವಿದೇಶದಿಂದ ತರಿಸಿದ ಕಾರಾದರೆ 80,000. ವಿಮೆಯ ಕತೆ ಇನ್ನೊಂದು. 2022ರ ಜೂನಿನಲ್ಲಿ ಜಾರಿಗೆ ಬಂದ ದರದಂತೆ 1000 ಸಿಸಿ ಮೀರಿ 1500 ಸಿಸಿಯ ಒಳಗಿನ ಕಾರಿಗೆ ಮೂರನೆಯ ವ್ಯಕ್ತಿಯ ವಿಮೆ 3,416 ರೂಪಾಯಿ, ಮೀರಿದರೆ 7,897. ನನ್ನ ಕಾರು ಮೀರಿರುವುದು 96 ಸಿಸಿ. ವರ್ಷಕ್ಕೆ ಎರಡು ಸಾವಿರ ಕಿಲೋಮೀಟರು ಓಡದ ಆ ಬಡಪಾಯಿ, ದಿನಕ್ಕೆ ನೂರು ಕಿಲೋಮೀಟರು ಓಡುವ ಹೊಸ ಕಾರಿನ ಇಮ್ಮಡಿಗಿಂತ ಹೆಚ್ಚು ತೆರುತ್ತದೆ.

ಹಣ ಕೊಡುವುದಕ್ಕೆ ನನ್ನ ತಕರಾರಿಲ್ಲ. ಹಳೆಯ ಎಂಜಿನ್ನಿನ ಹೊಗೆ ಹೊಸದರ ಹೊಗೆಗಿಂತ ಕೆಟ್ಟದ್ದು. ಅದಕ್ಕೆ ದಂಡ ತೆರುವುದು ನ್ಯಾಯ. ನನ್ನ ತಕರಾರು ಅಳತೆಗೋಲಿನ ಬಗೆಗೆ. ಬ್ರೇಕು, ಹೊಗೆ, ಚೌಕಟ್ಟು ಯಾವುದನ್ನೂ ನೋಡದೆ ಬರಿಯ ವಯಸ್ಸನ್ನು ಎಣಿಸಿ ಶುಲ್ಕ ಏರಿಸಿದರೆ, ಜತನದಿಂದ ಇಟ್ಟುಕೊಂಡವನೂ ಜರಡಿಯಾಗಿಸಿದವನೂ ಒಂದೇ ತಕ್ಕಡಿಯಲ್ಲಿ ಕೂರುತ್ತಾರೆ. ನವೀಕರಣಕ್ಕೆ ಮುನ್ನ ಪರಿಶೀಲನೆ ಇದೆಯಲ್ಲ ಎನ್ನಬಹುದು. ಇದೆ. ನಾನು ಕಂಡ ಪರಿಶೀಲನೆ ಬಾನೆಟ್ಟು ಎತ್ತಿ ಷಾಸಿಯ ಸಂಖ್ಯೆಯ ಅಚ್ಚನ್ನು ತಾಳೆ ನೋಡುವಲ್ಲಿಗೆ ಮುಗಿಯಿತು. ಬ್ರೇಕಿನ ಪೆಡಲಿನ ಮೇಲೆ ಯಾರ ಕಾಲೂ ಬೀಳಲಿಲ್ಲ.

ಐವತ್ತು ವರ್ಷ ತುಂಬಿದ ಕಾರುಗಳ ಪಾಡು ಇದಕ್ಕಿಂತ ಮೇಲು. 2021ರ ಜುಲೈಯ ನಿಯಮಗಳು ಅವನ್ನು ‘ವಿಂಟೇಜ್’ ಎಂದು ಕರೆದು, ‘ವಿಎ’ ಅಕ್ಷರಗಳ ಬೇರೆ ನಂಬರು ಕೊಟ್ಟು, 20,000 ರೂಪಾಯಿಗೆ ಹತ್ತು ವರ್ಷದ ನೋಂದಣಿ ಒದಗಿಸಿದವು. ದಿನಬಳಕೆಗೆ ಸಲ್ಲದು, ಪ್ರದರ್ಶನಕ್ಕೆ, ರ್‍ಯಾಲಿಗೆ, ದುರಸ್ತಿಗೆ, ಎಣ್ಣೆ ತುಂಬಿಸಲು ರಸ್ತೆಗಿಳಿಯಬಹುದು. ವಿಮೆಯಲ್ಲಿ ಅರ್ಧ ರಿಯಾಯಿತಿಯೂ ದೊರಕಿತು. ಇದು ವಿವೇಕದ ಕಾನೂನು. ನಾನು ಮನಸಾರೆ ಮೆಚ್ಚುತ್ತೇನೆ. ಉಜಿರೆಯಲ್ಲಿ ತಿರುಗಿ ಧರ್ಮಸ್ಥಳಕ್ಕೆ ಹೋದವರು ಅಲ್ಲಿ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳ ಸಾಲನ್ನು ಕಂಡಿರಬಹುದು. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗ ನಾನು ಗಮನಿಸಿದ್ದಿದೆ: ತಾಳೆಗರಿಯ ಮುಂದೆ ಆಕಳಿಸಿದ ಹುಡುಗ ಕಾರಿನ ಮುಂದೆ ಮಂಡಿಯೂರಿ ಅದರ ಅಚ್ಚನ್ನು ನೋಡುತ್ತಾನೆ. ಇದನ್ನು ಅಧ್ಯಾಪಕರು ಬೇಸರಪಡದೆ ಒಪ್ಪಿಕೊಳ್ಳಬೇಕು. ಯಂತ್ರವೂ ಒಂದು ಕಾಲದ ಬರೆಹವೇ. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿ ಹುಟ್ಟಿದ ಮೇಲೆ ಈ ಜಿಲ್ಲೆಯ ಜನಜೀವನ ಬದಲಾದ ಬಗೆಯನ್ನು ಅರಿಯಬೇಕಾದರೆ ಕಡತದಷ್ಟೇ ಎಂಜಿನ್ನೂ ಬೇಕು.

ಆದರೆ ಐವತ್ತು ವರ್ಷದ ಕಾರು ಆಕಾಶದಿಂದ ಬೀಳುವುದಿಲ್ಲ. ಅದು ಮೊದಲು ಇಪ್ಪತ್ತೈದರದ್ದಾಗಿರಬೇಕು, ಮೂವತ್ತೈದರದ್ದಾಗಿರಬೇಕು. ಹದಿನೈದರಿಂದ ಐವತ್ತರ ವರೆಗಿನ ಈ ಮೂವತ್ತೈದು ವರ್ಷಗಳ ಹೊಳೆಗೆ ಕಾನೂನು ಸೇತುವೆ ಕಟ್ಟಿಲ್ಲ. ಈಜಬಲ್ಲ ಶ್ರೀಮಂತರ ಕಾರು ದಡ ಸೇರುತ್ತದೆ. ಮೇಷ್ಟ್ರ ಕಾರು, ಗುಮಾಸ್ತರ ಕಾರು ನಡುನೀರಿನಲ್ಲಿ ಮುಳುಗುತ್ತದೆ. 2052ರಲ್ಲಿ ಒಂದು ಕಾರು ಸಂಗ್ರಹಾಲಯ ತೆರೆದರೆ, ಅಲ್ಲಿ ರಾಜರ ಕಾರು, ಸಾಹುಕಾರರ ಕಾರು ಇದ್ದಾವು. ಈ ಶತಮಾನದ ಮೊದಲ ವರ್ಷಗಳಲ್ಲಿ ಸಾಮಾನ್ಯನೊಬ್ಬ ಕಂತು ಕಟ್ಟಿ ಕೊಂಡ ವೇಗ ಅಲ್ಲಿರಲಾರದು.

ಮಾರ್ಪಾಡಿನ ಪ್ರಶ್ನೆ ಇನ್ನೂ ತೊಡಕಿನದು. ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯನ್ನು ಅರ್ಥೈಸುತ್ತ ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಹೇಳಿತು: ತಯಾರಕನ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸಕೂಡದು. ಅದೇ ವರ್ಷದ ತಿದ್ದುಪಡಿ, ಹಾಗೆ ಮಾರ್ಪಡಿಸಿದ ಒಡೆಯನಿಗೆ ಆರು ತಿಂಗಳ ವರೆಗಿನ ಸೆರೆ, ಅಥವಾ ಪ್ರತಿ ಮಾರ್ಪಾಡಿಗೆ ಐದು ಸಾವಿರ ರೂಪಾಯಿ ವರೆಗೆ ದಂಡ, ಅಥವಾ ಎರಡನ್ನೂ ವಿಧಿಸಿತು. ಇದರ ಉದ್ದೇಶ ಒಳ್ಳೆಯದು. ರಾತ್ರಿ ಹನ್ನೊಂದಕ್ಕೆ ನಮ್ಮ ಪೇಟೆಯಲ್ಲಿ ಪಟಾಕಿಯಂತೆ ಸಿಡಿಯುತ್ತ ಹೋಗುವ ಕಾರುಗಳ ಮೇಲೆ ನನಗೆ ಎಳ್ಳಷ್ಟೂ ಮರುಕವಿಲ್ಲ. ಅದು ವೇಗವೂ ಅಲ್ಲ, ಬರಿಯ ಸದ್ದು. ಸೈಲೆನ್ಸರು ಕತ್ತರಿಸಿದ ಮಾತ್ರಕ್ಕೆ ಕಾರು ವೇಗವಾಗುತ್ತದೆಂದು ನಂಬಿದವನಿಗೆ ಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವರನ್ನು ಕಂಡರೆ ಮಾತ್ರ ಮರುಕವಾಗುತ್ತದೆ. ಆದರೆ ಹಿಂದಿನ ಚಕ್ರದ ಡ್ರಮ್ಮನ್ನು ತೆಗೆದು ಡಿಸ್ಕು ಬ್ರೇಕು ಹಾಕಿಸಿದವನೂ ಕಣ್ಣು ಕೋರೈಸುವ ದೀಪ ಹಾಕಿಸಿದವನೂ ಕಾನೂನಿನ ಮುಂದೆ ಒಂದೇ ಆಗಿ ನಿಲ್ಲುವುದು ಸರಿಯೆ? ಒಬ್ಬನು ತನ್ನ ಮತ್ತು ಎದುರು ಬರುವವನ ಜೀವ ಉಳಿಸಲು ಖರ್ಚು ಮಾಡಿದ್ದಾನೆ. ಬಿಡಿಭಾಗ ಮೂಲ ತಯಾರಕನಲ್ಲೇ ಸಿಕ್ಕದಿರುವಾಗ ‘ಮೂಲದಂತೆಯೇ ಇರಲಿ’ ಎಂಬ ಮಾತಿಗೆ ಅರ್ಥವಾದರೂ ಏನು? ಪೆಟ್ರೋಲನ್ನೇ ನೋಡಿ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥೆನಾಲ್ ಬೆರೆತದ್ದು. ನನ್ನ ಕಾರಿನ ರಬ್ಬರು ಕೊಳವೆಗಳು ಅದಕ್ಕಾಗಿ ಹುಟ್ಟಿದವಲ್ಲ. ಇಂಧನವನ್ನು ಸರಕಾರ ಮಾರ್ಪಡಿಸಿತು. ಅದಕ್ಕೆ ತಕ್ಕ ಕೊಳವೆಯನ್ನು ನಾನು ಹಾಕಿಸಿದೆ. ಇದನ್ನೂ ಮಾರ್ಪಾಡೆನ್ನುವುದಾದರೆ ಮೊದಲ ಆರೋಪಿ ಯಾರು?

ಮೋಟಾರು ಕ್ರೀಡೆಯವರು ಈ ವಿಷಯದಲ್ಲಿ ನಮಗಿಂತ ಶಿಸ್ತುಗಾರರು. ಚಿಕ್ಕಮಗಳೂರಿನ ಕಾಫಿ ತೋಟಗಳ ರ್‍ಯಾಲಿಯಲ್ಲಿ ಮುಚ್ಚಿದ ದಾರಿಯಲ್ಲಷ್ಟೇ ವೇಗ. ಒಂದು ಹಂತದಿಂದ ಇನ್ನೊಂದಕ್ಕೆ ಸಾರ್ವಜನಿಕ ರಸ್ತೆಯಲ್ಲಿ ಎಲ್ಲರಂತೆ ನಿಯಮ ಪಾಲಿಸಿ ಹೋಗಬೇಕು, ಗೊತ್ತಾದ ನಿಮಿಷಕ್ಕಿಂತ ಮೊದಲೇ ಹಾಜರಾದವನಿಗೂ ದಂಡ ಬೀಳುತ್ತದೆ. ವೇಗದ ಸ್ಪರ್ಧೆಯಲ್ಲಿ ಬೇಗ ಬಂದುದಕ್ಕೆ ದಂಡ! ನಮ್ಮ ನೆರೆಯ ಕಾಸರಗೋಡಿನ ಮೂಸಾ ಶರೀಫರು ಹೆಸರು ಮಾಡಿದುದು ಈ ಗಡಿಯಾರದ ವಿದ್ಯೆಯಲ್ಲೇ. ಅವರು ಕುಳಿತದ್ದು ಚಾಲಕನ ಸ್ಥಾನದಲ್ಲಲ್ಲ, ದಾರಿ ಹೇಳುವ ಪಕ್ಕದ ಸೀಟಿನಲ್ಲಿ.

ಕಂಬಳದ ಮಾತನ್ನು ಇನ್ನೊಮ್ಮೆ ಎತ್ತುತ್ತೇನೆ. 2014ರ ತೀರ್ಪಿನ ಅನಂತರ ಕಂಬಳ ನಿಲ್ಲುವ ಕಾಲ ಬಂದಿತ್ತು. 2017ರಲ್ಲಿ ರಾಜ್ಯ ಸರಕಾರ ಅಧ್ಯಾದೇಶ ತಂದು, ಹಿಂಸೆಗೆ ಕಡಿವಾಣ ಹಾಕುವ ಷರತ್ತಿನೊಂದಿಗೆ ಅದನ್ನು ಉಳಿಸಿತು; 2023ರ ಮೇಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕಾನೂನನ್ನು ಎತ್ತಿಹಿಡಿಯಿತು. ಕೋಣದ ವಯಸ್ಸೆಷ್ಟೆಂದು ಯಾರೂ ಶುಲ್ಕ ಕೇಳಲಿಲ್ಲ. ಅದನ್ನು ನಡೆಸಿಕೊಳ್ಳುವ ಬಗೆಯೇನೆಂದು ಕೇಳಿದರು. ಕಾರಿಗೂ ಅದೇ ಪ್ರಶ್ನೆ ಕೇಳಲಿ ಎಂಬುದಷ್ಟೇ ನನ್ನ ಬೇಡಿಕೆ. ಇಪ್ಪತ್ತು ವರ್ಷ ದಾಟಿದ ಕಾರನ್ನು ಎರಡು ವರ್ಷಕ್ಕೊಮ್ಮೆ ಯಂತ್ರದ ಮೇಲೆ ನಿಲ್ಲಿಸಿ ಬ್ರೇಕು, ಹೊಗೆ, ತಳ, ದೀಪಗಳನ್ನು ಅಳೆಯಲಿ. ತೇರ್ಗಡೆಯಾದುದಕ್ಕೆ ಹಗುರ ಶುಲ್ಕ, ನಪಾಸಾದುದಕ್ಕೆ ರಸ್ತೆ ನಿಷೇಧ. ವರ್ಷಕ್ಕೆ ಇಷ್ಟೇ ಕಿಲೋಮೀಟರು ಎಂದು ಮಿತಿ ಹಾಕಿದರೂ ಒಪ್ಪಿಗೆಯೇ. ಸುರಕ್ಷತೆ ಹೆಚ್ಚಿಸುವ ಬದಲಾವಣೆಗಳ ಪಟ್ಟಿಯೊಂದನ್ನು ಪ್ರಕಟಿಸಿ, ಅವನ್ನು ನೋಂದಣಿ ಪತ್ರದಲ್ಲಿ ಬರೆಸಿಕೊಳ್ಳುವ ದಾರಿ ತೆರೆಯಲಿ.

ನನ್ನ ನವೀಕರಣದ ಮುಂದಿನ ಗಡುವು 2027ರ ಮೇ. ಹತ್ತು ಸಾವಿರವನ್ನು ಬೇರೆ ತೆಗೆದಿಟ್ಟಿದ್ದೇನೆ. ಮೆಕ್ಯಾನಿಕ್ಕರು ಅಷ್ಟು ಹೊತ್ತಿಗೆ ಗ್ಯಾರೇಜು ಮುಚ್ಚುವ ಯೋಚನೆಯಲ್ಲಿದ್ದಾರೆ; ಮಗ ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿದ್ದಾನೆ. ಕಳೆದ ತಿಂಗಳು ಹೋದಾಗ ಅವರು ಪಾಲಿಯೊದ ಹಳೆಯ ಬ್ರೇಕು ಸಿಲಿಂಡರೊಂದನ್ನು ಬಿಚ್ಚಿ, ಸೀಲು ಬದಲಿಸುವ ಕ್ರಮವನ್ನು ನನಗೆ ಎರಡು ಸಲ ಮಾಡಿ ತೋರಿಸಿದರು. ಮೂರನೆಯ ಸಲ ನನ್ನ ಕೈಯಿಂದಲೇ ಮಾಡಿಸಿದರು.