ಹಲ್ಲಿಗೆ ಹೊಟ್ಟೆ ಕೆಟ್ಟರೆ ಹೇಳೋರು ಯಾರು?

ಶೀರ್ಷಿಕೆ ನೋಡಿ "ಇವನಿಗೆ ಬರೆಯೋಕೆ ಬೇರೇನೂ ಸಿಗಲಿಲ್ವಾ" ಅಂತ ಓಡಿಹೋಗಬೇಡಿ, ಸ್ವಲ್ಪ ತಾಳಿ :-) ನಮ್ಮ ಕಡೆ ಹಲ್ಲಿ ಅಂದ್ರೆ ಟ್ಯೂಬ್‌ಲೈಟಿನ ಹಿಂದೆ ಕೂತು ಲೊಚಗುಟ್ಟೋದು, ಮೈಮೇಲೆ ಬಿದ್ದರೆ ಅಜ್ಜಿ ಕೈಲಿ ಪಂಚಾಂಗ ತೆಗೆಸೋದು. ನಾನೀಗ ಇರೋ ಅಮೆರಿಕದಲ್ಲಿ ಅದರ ನೆಂಟರನ್ನ ದುಡ್ಡು ಕೊಟ್ಟು ಮನೆಗೆ ತರ್ತಾರೆ. ಅಪಾರ್ಟ್‌ಮೆಂಟಿನಲ್ಲಿ ನಾಯಿ ಸಾಕೋ ಹಾಗಿಲ್ಲ, ಮಗು ಹಠ ಬಿಡೋಲ್ಲ. ಅಂಗಡಿಯವನು "ಇದು ಸುಲಭ ಸಾರ್, ವಾಕಿಂಗ್ ಬೇಡ, ಬೊಗಳೋಲ್ಲ" ಅಂತಾನೆ. ಹಾಗಾಗಿ ನಮ್ಮ ಕನ್ನಡದವರ ಮನೆಗಳಿಗೂ ಬಿಯರ್ಡೆಡ್ ಡ್ರ್ಯಾಗನ್ ಬಂದಾಯ್ತು. ಮೂಲತಃ ಆಸ್ಟ್ರೇಲಿಯಾದ ಒಣ ಒಳನಾಡಿನ ಪ್ರಾಣಿ, ಗಂಟಲ ಕೆಳಗೆ ಗಡ್ಡದ ಹಾಗೆ ಮುಳ್ಳು ಮುಳ್ಳು ಚರ್ಮ.

ಈ "ಸುಲಭ" ಅನ್ನೋ ಮಾತಿನ ಮೇಲೆ ನನಗೆ ತಕರಾರಿದೆ. ನಾಯಿಗೆ ಹೊಟ್ಟೆ ಕೆಟ್ಟರೆ ಮನೆಗೆಲ್ಲ ಗೊತ್ತಾಗುತ್ತೆ. ಹಲ್ಲಿ ಜಾತಿ ಹಾಗಲ್ಲ. ಕಾಡಲ್ಲಿ ಸುಸ್ತಾಗಿದೆ ಅಂತ ತೋರಿಸಿಕೊಂಡರೆ ಯಾರಾದರೂ ಹಿಡಿದು ತಿಂತಾರೆ, ಅದಕ್ಕೇ ಕೊನೇವರೆಗೂ ಗಟ್ಟಿಯಾಗಿರೋ ಹಾಗೆ ಕೂತಿರುತ್ತೆ. ನಮಗೆ ಕಾಯಿಲೆ ಕಣ್ಣಿಗೆ ಬೀಳೋ ಹೊತ್ತಿಗೆ ಎಷ್ಟೋ ಸಲ ವಾರಗಳೇ ಆಗಿರುತ್ತವೆ. ಎರರ್ ಮೆಸೇಜೇ ಕೊಡದೆ ಒಂದು ದಿನ ಮಲಗಿಬಿಡೋ ಸರ್ವರ್ ಇರುತ್ತಲ್ಲ, ಹಾಗೆ. ಅಂಥದ್ದಕ್ಕೆ ಲಾಗ್ ನೋಡದೆ ಬೇರೆ ದಾರಿ ಇಲ್ಲ. ಇಲ್ಲಿ ಲಾಗ್ ಅಂದ್ರೆ, ಮೂಗು ಮುಚ್ಚಿಕೊಳ್ಳಿ, ಹಿಕ್ಕೆ.

ಇದರ ಪಾಠ ನಮಗೆಲ್ಲ ಆಗಲೇ ಆಗಿದೆ. ಊರಲ್ಲಿ ಗೋಡೆ ಬದಿ ಗುಡಿಸುವಾಗ ಸಿಗೋ ಹಲ್ಲಿ ಹಿಕ್ಕೆ ನೆನಪು ಮಾಡ್ಕೊಳ್ಳಿ. ಕಪ್ಪು ಕಡ್ಡಿ, ತುದಿಗೆ ಬಿಳಿ ಚುಕ್ಕಿ. ಕಪ್ಪು ಭಾಗ ಮಲ, ಬಿಳಿ ಭಾಗ ಯೂರಿಕ್ ಆಸಿಡ್, ಅಂದ್ರೆ ನೀರು ಉಳಿಸಿಕೊಂಡು ಗಟ್ಟಿಮಾಡಿ ಹಾಕಿದ ಮೂತ್ರ. ಸಾಕಿದ ಡ್ರ್ಯಾಗನ್ನಿನದೂ ಹೀಗೇ. ಕಂದು ಭಾಗಕ್ಕೆ ಆಕಾರ ಇರಬೇಕು, ಬಿಳಿ ಭಾಗ ಮೆತ್ತಗಿರಬೇಕು. ಬಿಳಿಯದು ಹಳದಿಯಾಗಿ ಸುಣ್ಣದ ಕಲ್ಲಿನ ಹಾಗೆ ಗಟ್ಟಿಯಾಗ್ತಿದ್ದರೆ ಮೊದಲ ಅನುಮಾನ ಮೈಯಲ್ಲಿ ನೀರು ಸಾಲದು ಅಂತ. ದಿನಗಟ್ಟಲೆ ನೀರು ನೀರಾಗಿ ಹೋಗ್ತಾ, ಸಹಿಸಲಾರದ ನಾತ ಬರ್ತಾ, ತೂಕವೂ ಇಳೀತಿದ್ದರೆ ಕರುಳಲ್ಲಿ ಕಾಕ್ಸಿಡಿಯಾದಂಥ ಪರೋಪಜೀವಿ ಇರಬಹುದು. ಅದು ಮೈಕ್ರೋಸ್ಕೋಪಿಗೇ ಕಾಣೋದು. ತಾಜಾ ಹಿಕ್ಕೆಯನ್ನ ಡಬ್ಬಿಯಲ್ಲಿ ಹಾಕಿಕೊಂಡು ಡಾಕ್ಟರ ಹತ್ರ ಹೋಗಬೇಕು. ರಕ್ತ ಕಂಡರಂತೂ ಅವತ್ತೇ.

ಎರಡನೇ ಮಾತು, ಇದೇ ನನ್ನ ಮುಖ್ಯ ವಾದ. ಹಲ್ಲಿಯ ಹೊಟ್ಟೆ ಅರ್ಧ ಅದರ ಮೈಯೊಳಗಿದೆ, ಇನ್ನರ್ಧ ಬಲ್ಬಿನಲ್ಲಿದೆ. ನಮ್ಮ ಹಾಗೆ ಅದು ಒಳಗಿಂದ ಮೈ ಬಿಸಿ ಇಟ್ಟುಕೊಳ್ಳೋಲ್ಲ. ಹೊರಗಿನ ಶಾಖ ಸಿಕ್ಕಿದರೇ ಜೀರ್ಣರಸ ಕೆಲಸ ಮಾಡೋದು, ಕರುಳು ಸರಿಯಾಗಿ ಆಡೋದು. ಬಿಯರ್ಡೆಡ್ ಡ್ರ್ಯಾಗನ್ ಕೂರೋ ಕಲ್ಲು ಸುಮಾರು 38ರಿಂದ 42 ಡಿಗ್ರಿ ಸೆಲ್ಸಿಯಸ್ ಇರಬೇಕು, ಪೆಟ್ಟಿಗೆಯ ಇನ್ನೊಂದು ತುದಿ ತಂಪಾಗಿರಬೇಕು. ಶಾಖ ಸಾಲದಿದ್ದರೆ ತಿಂದ ಹುಳ ಹೊಟ್ಟೆಯಲ್ಲೇ ಉಳಿದು ಕೊಳೆಯೋಕೆ ಶುರುವಾಗುತ್ತೆ. ಇನ್ನು ಯುವಿಬಿ ಬೆಳಕಿಲ್ಲದೆ ಡಿ3 ತಯಾರಾಗೋಲ್ಲ, ಡಿ3 ಇಲ್ಲದೆ ಕ್ಯಾಲ್ಸಿಯಂ ಮೈಗೆ ಹತ್ತೋಲ್ಲ, ಕ್ಯಾಲ್ಸಿಯಂ ಇಳಿದರೆ ಮೂಳೆಯ ಜೊತೆ ಕರುಳಿನ ಸ್ನಾಯುವೂ ಸೋಲುತ್ತೆ, ಮಲಬದ್ಧತೆ ಬರುತ್ತೆ. ಮೋಸ ಏನಂದ್ರೆ, ಯುವಿಬಿ ಬಲ್ಬು ಕಣ್ಣಿಗೆ ಉರೀತಾನೇ ಇರುತ್ತೆ, ಯುವಿಬಿ ಮಾತ್ರ ತಿಂಗಳುಗಳಲ್ಲಿ ಕುಗ್ಗಿಹೋಗುತ್ತೆ. ಬಲ್ಬಿನ ಬಗೆ ನೋಡಿ 6ರಿಂದ 12 ತಿಂಗಳಿಗೆ ಬದಲಾಯಿಸಬೇಕು. ಹಾಗಾಗಿ ಹಲ್ಲಿ ಊಟ ಬಿಟ್ಟರೆ ಅದರ ಬಾಯಿ ಬಿಡಿಸೋಕೆ ಮುಂಚೆ ಥರ್ಮಾಮೀಟರ್ ಹಿಡಿಯಿರಿ. ಗಾಜಿಗೆ ಅಂಟಿಸಿರೋ ದುಂಡನೆ ಮೀಟರಿಗೆ ಕಲ್ಲಿನ ಬಿಸಿ ಗೊತ್ತಾಗೋಲ್ಲ, ಕಲ್ಲಿನ ಮೇಲೇ ಅಳೆಯಬೇಕು.

ಇಷ್ಟೆಲ್ಲ ಯಾಕೆ ಬರೀತಿದ್ದೀನಿ ಅಂದ್ರೆ, ನನ್ನ ಸಹೋದ್ಯೋಗಿಯೊಬ್ಬರ ಮಗನ ಡ್ರ್ಯಾಗನ್ ಹೋದ ಚಳಿಗಾಲದಲ್ಲಿ ಸತ್ತುಹೋಯ್ತು. ಊಟ ಬಿಟ್ಟು ಮೂರು ವಾರ ಆಗಿತ್ತು. ಕೇಳಿದವರೆಲ್ಲ "ಚಳಿಗಾಲದ ನಿದ್ದೆ, ಬಿಟ್ಟುಬಿಡಿ" ಅಂದರಂತೆ. ಎಕ್ಸ್‌ರೇ ತೆಗೆದಾಗ ಕರುಳು ತುಂಬಾ ಮರಳು. ಚೆನ್ನಾಗಿ ಕಾಣುತ್ತೆ ಅಂತ ಪೆಟ್ಟಿಗೆಯ ತಳಕ್ಕೆ ಹಾಸಲು ಪ್ರಾಣಿಯ ಜೊತೆಯಲ್ಲೇ ಮಾರಿದ ಮರಳು ಅದು! ಎಂಟು ವರ್ಷದ ಹುಡುಗ "ಅದಕ್ಕೆ ನೋವಾಗ್ತಿತ್ತಾ?" ಅಂತ ಕೇಳಿದನಂತೆ. ಏನು ಹೇಳೋದು?

ಚಳಿಗಾಲದ ನಿದ್ದೆ ಸುಳ್ಳಲ್ಲ. ದೊಡ್ಡ ಡ್ರ್ಯಾಗನ್‌ಗಳು ಆ ಕಾಲದಲ್ಲಿ ನಿಧಾನವಾಗ್ತವೆ, ಊಟ ಬಿಡ್ತವೆ. ಆದರೆ ಆರೋಗ್ಯವಾಗಿರೋದು ಹಾಗೆ ಮಲಗಿದರೆ ತೂಕ ಹೆಚ್ಚು ಇಳಿಯೋಲ್ಲ. ಕಾಯಿಲೆಯದು ಇಳಿಯುತ್ತೆ. ಈ ವ್ಯತ್ಯಾಸ ಹಿಡಿಯೋಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ವಾರಕ್ಕೊಮ್ಮೆ ತೂಗಿ ಬರೆದಿಡಿ. ನೂರಕ್ಕೆ ಹತ್ತು ಭಾಗ ಇಳಿದರೆ ಕಾಯಬೇಡಿ. ಹೊಟ್ಟೆ ಉಬ್ಬಿ ಗಟ್ಟಿಯಾಗೋದು, ಮುಕ್ಕಿದರೂ ಏನೂ ಬಾರದಿರೋದು, ಹಿಂಗಾಲು ಎಳೆಯೋದು, ತಿಂದದ್ದು ಮತ್ತೆ ಮತ್ತೆ ಕಕ್ಕೋದು, ಇವು ಯಾವುದೂ ನಿದ್ದೆಯ ಲಕ್ಷಣ ಅಲ್ಲ. ಗುದದ್ವಾರದಿಂದ ಕೆಂಪು ಮಾಂಸ ಹೊರಗೆ ಬಂದಿದ್ದರೆ ಒದ್ದೆ ಬಟ್ಟೆಯಲ್ಲಿ ತೇವವಾಗಿಟ್ಟು ಆಗಲೇ ಹೊರಡಿ. ಲೆಪರ್ಡ್ ಗೆಕ್ಕೋ ಸಾಕಿದವರು ಬಾಲ ನೋಡ್ತಿರಿ, ಅದರ ಕೊಬ್ಬಿನ ಉಗ್ರಾಣ ಇರೋದೇ ಅಲ್ಲಿ. ಬಾಲ ಕಡ್ಡಿಯಾದರೆ ಉಗ್ರಾಣ ಖಾಲಿ.

ಮನೆಮದ್ದಿನ ಬಗ್ಗೆ ಒಂದು ಮಾತು. ಬೆಚ್ಚಗಿನ ನೀರಲ್ಲಿ ಹತ್ತು ಹದಿನೈದು ನಿಮಿಷ ಬಿಡೋದು ಒಳ್ಳೇದೇ, ಎಷ್ಟೋ ಸಲ ಅಲ್ಲೇ ಕೆಲಸ ಮುಗಿಯುತ್ತೆ. ಆದರೆ ನಮ್ಮಮ್ಮ ಫೋನಲ್ಲಿ ಹೇಳೋ ಹರಳೆಣ್ಣೆ ಉಪಾಯ ಇದಕ್ಕೆ ಬೇಡ. ಬಲವಂತವಾಗಿ ಎಣ್ಣೆ ಹಾಕಿದರೆ ಶ್ವಾಸಕೋಶಕ್ಕೆ ಇಳಿಯೋ ಅಪಾಯ ಇದೆ. ಮತ್ತೆ ಮುಟ್ಟಿದ ಮೇಲೆ ಕೈ ಸೋಪು ಹಾಕಿ ತೊಳೆಯಿರಿ. ಆರೋಗ್ಯವಾಗಿರೋ ಹಲ್ಲಿಯ ಕರುಳಲ್ಲೂ ಸಾಲ್ಮೊನೆಲ್ಲಾ ಇರಬಹುದು. ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದರೆ ಈ ಪ್ರಾಣಿ ಬೇಡವೇ ಬೇಡ.

ಬೆಂಗಳೂರಲ್ಲಿರೋ ಗೆಳೆಯರಿಗೂ ಇದು ದೂರದ ಮಾತಲ್ಲ. ಅಲ್ಲೂ ಹಸಿರು ಇಗ್ವಾನಾ ಸಾಕೋರಿದ್ದಾರೆ. ಅದು ಸೊಪ್ಪು ತಿನ್ನೋ ಪ್ರಾಣಿ, ಸೊಪ್ಪನ್ನ ಹಿಂಗರುಳಲ್ಲಿ ಹುದುಗಿಸಿ ಅರಗಿಸಿಕೊಳ್ಳುತ್ತೆ. ಪ್ರೀತಿಯಿಂದ ಮೊಟ್ಟೆ, ಕೋಳಿ ತಿನ್ನಿಸಿದರೆ ಮೂತ್ರಪಿಂಡಕ್ಕೆ ಕುತ್ತು. ವನ್ಯಜೀವಿ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿ, 2024ರ ನಿಯಮಗಳ ಪ್ರಕಾರ ಇದನ್ನ ನೋಂದಾಯಿಸಲೂಬೇಕು. ನಮ್ಮ ಉಡವನ್ನಂತೂ ಸಾಕೋ ಹಾಗೇ ಇಲ್ಲ.

ಒಟ್ಟಿನಲ್ಲಿ ನಾನು ಹೇಳೋದು ಇಷ್ಟು. ಅಂಗಡಿಗೆ ಹೋಗೋಕೆ ಮುಂಚೆ ಸರೀಸೃಪ ನೋಡೋ ಪಶುವೈದ್ಯರು ನಿಮ್ಮೂರಲ್ಲಿದ್ದಾರಾ ಅಂತ ಫೋನ್ ಮಾಡಿ ಕೇಳಿ. ಇಲ್ಲ ಅಂದ್ರೆ ಪ್ರಾಣಿಯೂ ಬೇಡ. ಇದ್ದಾರೆ ಅಂದ್ರೆ ಒಂದು ತಕ್ಕಡಿ, ಒಂದು ಥರ್ಮಾಮೀಟರ್, ಒಂದು ನೋಟ್‌ಬುಕ್ ಜೊತೆಗೇ ತನ್ನಿ. ಏನು ತಿಂತು, ಯಾವತ್ತು ಹಿಕ್ಕೆ ಹಾಕ್ತು, ಎಷ್ಟು ತೂಗಿತು, ದಿನಕ್ಕೆ ಒಂದು ಸಾಲು. ಮರಿ ದಿನಾ ಹಾಕಬಹುದು, ದೊಡ್ಡದು ಕೆಲವು ದಿನಕ್ಕೊಮ್ಮೆ. ಪಕ್ಕದ ಮನೆಯದರ ಜೊತೆ ಹೋಲಿಸೋದಲ್ಲ, ನಿಮ್ಮದರ ಹೋದ ತಿಂಗಳ ಜೊತೆ ಹೋಲಿಸೋದು. ಬರೆಯೋ ಕೆಲಸ ಮಗುವಿಗೇ ಕೊಡಿ. ಅಷ್ಟು ಪುರುಸೊತ್ತಿಲ್ಲ ಅನ್ನೋರಿಗೆ ಟ್ಯೂಬ್‌ಲೈಟ್ ಹಿಂದಿನ ಹಲ್ಲಿಯೇ ಸರಿ, ಅದರ ಹೊಟ್ಟೆ ಅದೇ ನೋಡ್ಕೊಳ್ಳುತ್ತೆ :-)

ಏನಂತೀರಿ?