ಹೆಚ್ಚು ಮರಿ, ಸಣ್ಣ ಮೀನು

ಹತ್ತನೇ ತರಗತಿಯ ಇಬ್ಬರು ಹುಡುಗರ ನಡುವೆ ಎತ್ತರದಲ್ಲಿ, ತೂಕದಲ್ಲಿ ವ್ಯತ್ಯಾಸ ಇರುವುದು ಸಹಜ. ಆದರೆ ಒಬ್ಬನ ತೂಕ ಇನ್ನೊಬ್ಬನ ಇಪ್ಪತ್ತು ಪಟ್ಟು ಇರುವುದು ಎಲ್ಲಾದರೂ ಉಂಟೆ? ಮೀನುಗಳಲ್ಲಿ ಅದೂ ಉಂಟು. ಒಂದೇ ದಿನ, ಒಂದೇ ತಾಯಿಯ ಮೊಟ್ಟೆಗಳಿಂದ ಹೊರಬಂದ ಎರಡು ಕಾಟ್ಲಾ ಮರಿಗಳನ್ನು ಎರಡು ಬೇರೆ ಬೇರೆ ಕೆರೆಗಳಿಗೆ ಬಿಟ್ಟರೆ, ವರ್ಷ ತುಂಬುವ ಹೊತ್ತಿಗೆ ಒಂದು ಎರಡು ಕಿಲೊ ತೂಗಬಹುದು. ಇನ್ನೊಂದು ನೂರು ಗ್ರಾಂ ದಾಟದೆಯೇ ಉಳಿಯಬಹುದು. ಬೀಜ ಒಂದೇ, ವಯಸ್ಸು ಒಂದೇ. ಹಾಗಾದರೆ ಬೇರೆಯಾದದ್ದು ಏನು?

ಈ ಪ್ರಶ್ನೆಗೆ ಉತ್ತರ ಹುಡುಕಲು ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನ ದುಮ್ಮವಾಡದ ಕಡೆ ಹೋಗೋಣ. ಈ ಊರಿನ ಸಮೀಪದಲ್ಲಿಯೇ ಬೇಡ್ತಿ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ನೀರಸಾಗರ ಜಲಾಶಯವಿದೆ. 1950ರ ದಶಕದಲ್ಲಿ ಹುಬ್ಬಳ್ಳಿಗೆ ಕುಡಿಯುವ ನೀರು ಒದಗಿಸಲೆಂದು ಆದ ಕೆಲಸ ಇದು. ಮಲಪ್ರಭೆಯ ನೀರು ಬರುವ ಮೊದಲು ಹುಬ್ಬಳ್ಳಿಯ ಎಷ್ಟೋ ಮನೆಗಳ ಕೊಡ ತುಂಬಿಸಿದ್ದು ಇದೇ. ಇಲ್ಲಿಂದ ಮುಂದೆ ಹರಿದ ಬೇಡ್ತಿ ಯಲ್ಲಾಪುರದ ಕಾಡಿನಲ್ಲಿ ಮಾಗೋಡಿನ ಬಳಿ ಜಲಪಾತವಾಗಿ ಧುಮುಕಿ, ಗಂಗಾವಳಿ ಎಂಬ ಹೆಸರಿನಿಂದ ಅರಬ್ಬೀ ಸಮುದ್ರ ಸೇರುತ್ತದೆ.

ಇಂಥ ಜಲಾಶಯದಲ್ಲಿ ದೊಡ್ಡ ಮೀನು ಬೇಕೆಂದರೆ ಯಾರಾದರೂ ತಂದು ಬಿಡಲೇಬೇಕು. ಏಕೆಂದರೆ ಕಾಟ್ಲಾ, ರೋಹು, ಮೃಗಾಲ್ ಎಂಬ ಮೂರು ಹೆಸರಾಂತ ಗೆಂಡೆ ಮೀನುಗಳು ನಮ್ಮ ನೀರಿನವಲ್ಲ. ಅವು ಉತ್ತರ ಭಾರತದ ದೊಡ್ಡ ನದಿಗಳವು. ಮುಂಗಾರಿನಲ್ಲಿ ನದಿ ಉಕ್ಕಿ ಹರಿಯುವಾಗ, ದಂಡೆಯ ತಗ್ಗುಗಳಲ್ಲಿ ಹೊಸ ನೀರು ಹರಡಿದಾಗ ಮಾತ್ರ ಅವು ಮೊಟ್ಟೆ ಇಡುತ್ತವೆ. ನಿಂತ ನೀರಿನಲ್ಲಿ ಹೊಟ್ಟೆ ತುಂಬ ಮೊಟ್ಟೆ ಹೊತ್ತು ತಿರುಗುತ್ತವೆಯೇ ಹೊರತು ಇಡುವುದಿಲ್ಲ. ಹಿಂದೆ ಮರಿ ಬೇಕಾದವರು ಬಂಗಾಳದ ನದಿಗಳಲ್ಲಿ ಹಿಡಿದದ್ದನ್ನು ರೈಲಿನಲ್ಲಿ ತರಿಸಬೇಕಾಗಿತ್ತು. ದಾರಿಯಲ್ಲಿ ಸತ್ತವು ಎಷ್ಟೋ, ಜತೆಗೆ ಬೇಡದ ಜಾತಿಯವು ಎಷ್ಟೋ! ಈ ಗೋಳಿಗೆ ಕೊನೆ ಹಾಡಿದವರು ಡಾ. ಹೀರಾಲಾಲ್ ಚೌಧುರಿ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಅವರು ಮತ್ತು ಅವರ ಸಂಗಡಿಗರು ಮೀನಿನ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚುಮದ್ದಾಗಿ ಕೊಟ್ಟು, ನಿಂತ ನೀರಿನಲ್ಲಿಯೇ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸಿದರು. ಆ ದಿನವನ್ನು ಈಗ ದೇಶದಲ್ಲಿ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಅಂದಿನಿಂದ ಮರಿ ಅಗ್ಗವಾಯಿತು, ಕೈಗೆಟುಕಿತು. ತಮಾಷೆ ಎಂದರೆ, ನಾವು ಈಗ ನೋಡಲಿರುವ ತಪ್ಪು ಹುಟ್ಟಿದ್ದೂ ಅಲ್ಲಿಂದಲೇ. ಅಗ್ಗವಾದದ್ದನ್ನು ಯಾರು ಎಣಿಸಿ ಹಾಕುತ್ತಾರೆ?

ಕೆರೆಯನ್ನು ಗುತ್ತಿಗೆ ಹಿಡಿದವರು ಸಾಮಾನ್ಯವಾಗಿ ಹೀಗೆ ಯೋಚಿಸುತ್ತಾರೆ: ಹತ್ತು ಸಾವಿರ ಮರಿ ಬಿಟ್ಟರೆ ಇಷ್ಟು ಮೀನು, ಇಪ್ಪತ್ತು ಸಾವಿರ ಬಿಟ್ಟರೆ ಅದರ ಎರಡರಷ್ಟು. ಲೆಕ್ಕ ಸರಿಯಾಗಿ ಕಾಣುತ್ತದೆ. ಆದರೆ ಮೀನು ಮರಿ ತಿನ್ನುವುದು ಏನನ್ನು? ಕಾಟ್ಲಾದ ಬಾಯಿ ಮೇಲ್ಮುಖವಾಗಿದೆ; ಅದು ನೀರಿನ ಮೇಲ್ಪದರದಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು, ಮುಖ್ಯವಾಗಿ ಪ್ರಾಣಿ ಪ್ಲವಕಗಳನ್ನು, ಕಿವಿರಿನ ಬಾಚಣಿಗೆಯಂಥ ಎಲುಬುಗಳಿಂದ ಸೋಸಿ ನುಂಗುತ್ತದೆ. ರೋಹು ನಡುನೀರಿನದು. ಮೃಗಾಲ್ ತಳದ ಕೊಳೆತ ಪದಾರ್ಥದಲ್ಲಿ ಬಾಯಾಡಿಸುತ್ತದೆ. ಈ ಎಲ್ಲಕ್ಕೂ ಮೂಲ ಬಿಸಿಲು. ಬಿಸಿಲಿನಿಂದ ಪಾಚಿ, ಪಾಚಿಯಿಂದ ಪ್ಲವಕ, ಪ್ಲವಕದಿಂದ ಮೀನು. ಒಂದು ಹೆಕ್ಟೇರು ನೀರಿನ ಮೇಲೆ ಬೀಳುವ ಬಿಸಿಲು ಎಷ್ಟೋ ಅಷ್ಟೇ. ಮರಿ ಹೆಚ್ಚು ಬಿಟ್ಟೆವೆಂದು ಸೂರ್ಯ ಹೆಚ್ಚು ಬೆಳಗುವುದಿಲ್ಲ. ಮನೆಯ ಹಿಂದಿನ ಹೊಂಡವಾದರೆ ಸಗಣಿ ಗೊಬ್ಬರ ಹಾಕಿ ಪಾಚಿ ಹೆಚ್ಚಿಸಬಹುದು, ಶೇಂಗಾ ಹಿಂಡಿ, ಅಕ್ಕಿ ತೌಡು ಎರಚಬಹುದು. ಊರಿಗೆ ಕುಡಿಯಲು ಕೊಡುವ ನೀರಿಗೆ ಸಗಣಿ ಹಾಕಲಾದೀತೆ? ಅಲ್ಲಿ ಮೀನಿನ ಪಾಲಿಗೆ ಇರುವುದು ನೀರು ತಾನಾಗಿ ಕೊಡುವ ಊಟ ಮಾತ್ರ.

ಈಗ ಪೆನ್ಸಿಲ್ ಹಿಡಿಯಿರಿ. ಡಾ. ವಿ. ವಿ. ಸುಗುಣನ್ ಅವರು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಾಗಿ 1995ರಲ್ಲಿ ಬರೆದ ವರದಿಯ ಪ್ರಕಾರ ಭಾರತದ ಸಣ್ಣ ಜಲಾಶಯಗಳ ಸರಾಸರಿ ಇಳುವರಿ ವರ್ಷಕ್ಕೆ ಹೆಕ್ಟೇರಿಗೆ ಸುಮಾರು 50 ಕಿಲೊ. ಒಂದು ಜಲಾಶಯ ಅಷ್ಟೇ ಕೊಡುತ್ತದೆಂದು ಇಟ್ಟುಕೊಳ್ಳೋಣ. ಹೆಕ್ಟೇರಿಗೆ 100 ಮರಿ ಬಿಟ್ಟು ಅರ್ಧ ಬದುಕಿದರೆ 50 ಮೀನು, ತಲಾ ಒಂದು ಕಿಲೊ. 1000 ಮರಿ ಬಿಟ್ಟು ಅರ್ಧ ಬದುಕಿದರೆ 500 ಮೀನು, ತಲಾ ನೂರೇ ಗ್ರಾಂ! ಒಟ್ಟು ತೂಕ ಎರಡು ಕಡೆಯೂ 50 ಕಿಲೊ. ನಿಜವಾಗಿ ನೋಡಿದರೆ ಎರಡನೆಯದರಲ್ಲಿ ಇನ್ನೂ ಕಡಿಮೆ. ಪ್ರತಿ ಮೀನೂ ಬೆಳೆಯುವ ಮೊದಲು ಬದುಕಿರಲಿಕ್ಕೆ, ಈಜಲಿಕ್ಕೆ, ಉಸಿರಾಡಲಿಕ್ಕೆ ಒಂದಿಷ್ಟು ಆಹಾರ ಸುಡಬೇಕು. ಬಾಯಿ ಐನೂರಾದರೆ ಊಟದ ಬಹುಪಾಲು ಜೀವ ಹಿಡಿದಿಡುವುದಕ್ಕೇ ಹೋಗುತ್ತದೆ. ಮಾಂಸವಾಗಿ ಉಳಿಯುವುದು ಚೂರುಪಾರು.

ನೂರು ಗ್ರಾಮಿನ ಹತ್ತು ಕಾಟ್ಲಾ ಮತ್ತು ಒಂದು ಕಿಲೊದ ಒಂದು ಕಾಟ್ಲಾ ಸಂತೆಯಲ್ಲಿ ಸಮ ಅಲ್ಲ ಎಂಬುದು ಮೀನು ಕೊಳ್ಳುವ ತಾಯಂದಿರಿಗೆ ಗೊತ್ತು. ಗೆಂಡೆ ಮೀನಿನ ಸ್ನಾಯುಗಳ ನಡುವೆ ಕವಲೊಡೆದ ಸಣ್ಣ ಮುಳ್ಳುಗಳು ಇರುತ್ತವೆ. ದೊಡ್ಡ ಮೀನಿನಲ್ಲಿ ಅವನ್ನು ಕೈಯಿಂದ ತೆಗೆದು ಹಾಕಬಹುದು. ಸಣ್ಣದರಲ್ಲಿ ಅವು ಗಂಟಲು ಹುಡುಕುತ್ತವೆ. ಹೀಗಾಗಿ ಬೆಲೆ ಬೀಳುತ್ತದೆ. ಮರಿಗೆ ಹತ್ತು ಪಟ್ಟು ಹಣ ತೆತ್ತವರಿಗೆ ಕೊನೆಗೆ ದಕ್ಕುವುದು ಕಡಿಮೆ ಹಣ. ಮೀನುಗಾರರ ಸಹಕಾರ ಸಂಘವೊಂದು ಗುತ್ತಿಗೆ ಹಣವನ್ನೂ ಮರಿಯ ಸಾಲವನ್ನೂ ಇದರಲ್ಲಿಯೇ ತೀರಿಸಬೇಕು ಎಂಬುದನ್ನು ನೆನೆದರೆ ಈ ಭಾಗಾಕಾರ ಬರೀ ಶಾಲೆಯ ಲೆಕ್ಕವಲ್ಲ.

ಹಾಗೆಂದು 50 ಕಿಲೊ ಎಂಬುದು ಕಲ್ಲಿನಲ್ಲಿ ಕೊರೆದ ಅಂಕಿಯಲ್ಲ. ತಮಿಳುನಾಡಿನ ಪೊಳ್ಳಾಚಿಯ ಬಳಿಯ ಆಳಿಯಾರ್ ಜಲಾಶಯದಲ್ಲಿ ಮರಿಗಳನ್ನು ಅಳೆದು ಎಣಿಸಿ, ಹೆಕ್ಟೇರಿಗೆ ಮುನ್ನೂರರ ಆಸುಪಾಸು ಮಾತ್ರ ಬಿಟ್ಟು, 1980ರ ದಶಕದಲ್ಲಿ 194 ಕಿಲೊವರೆಗೆ ಇಳುವರಿ ತೆಗೆದರು. ಅದೇ ವರದಿಯಲ್ಲಿ ನಮ್ಮ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದ ಹೆಸರೂ ಇದೆ. ಅಲ್ಲಿ ಹೆಕ್ಟೇರಿಗೆ ಒಂಬೈನೂರಕ್ಕೂ ಹೆಚ್ಚು ಮರಿ ಬಿಟ್ಟು ಸಿಕ್ಕಿದ್ದು 63 ಕಿಲೊ. ಎರಡು ಜಲಾಶಯಗಳ ಮಣ್ಣು, ಆಳ, ನೀರಿನ ಬರವು ಹೋಗುವಿಕೆ ಬೇರೆ ಬೇರೆ. ಆದ್ದರಿಂದ ಪೂರ್ತಿ ಕಾರಣವನ್ನು ಮರಿಗಳ ತಲೆಗೇ ಕಟ್ಟಬಾರದು. ಆದರೆ ಮರಿ ಹೆಚ್ಚಿದಷ್ಟೂ ಮೀನು ಹೆಚ್ಚು ಎನ್ನುವವರಿಗೆ ಈ ಎರಡು ಸಾಲು ತೋರಿಸಬಹುದು.

ಆಳಿಯಾರ್‌ನವರು ಇನ್ನೊಂದು ಜಾಣತನ ಮಾಡಿದ್ದರು. ಹತ್ತು ಸೆಂಟಿಮೀಟರಿಗಿಂತ ದೊಡ್ಡ ಮರಿಗಳನ್ನೇ ಬಿಟ್ಟರು. ಜಲಾಶಯ ಎಂದರೆ ಖಾಲಿ ಹೊಂಡವಲ್ಲ. ಅಲ್ಲಿ ಬಾಳೆಮೀನು, ಕೊರವ ಮುಂತಾದ ಬೇಟೆಗಾರ ಮೀನುಗಳು ಮೊದಲೇ ಮನೆ ಮಾಡಿರುತ್ತವೆ. ಎರಡು ಮೂರು ಸೆಂಟಿಮೀಟರಿನ ಮರಿಗಳನ್ನು ಲಕ್ಷಗಟ್ಟಲೆ ಸುರಿದರೆ ಅದು ಅವುಗಳಿಗೆ ಬಡಿಸಿದ ಊಟ. ಇನ್ನು ಮರಿ ಬಿಡುವ ರೀತಿ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬಂದ ಮರಿಗಳನ್ನು ತಕ್ಷಣ ಕೆರೆಗೆ ಸುರಿಯಬಾರದು. ಚೀಲವನ್ನು ಸ್ವಲ್ಪ ಹೊತ್ತು ನೀರಿನ ಮೇಲೆ ತೇಲಿಬಿಟ್ಟು, ಎರಡೂ ನೀರಿನ ಶಾಖ ಒಂದಾದ ಮೇಲೆ, ಕೆರೆಯ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತ ಮರಿಗಳು ತಾವೇ ಹೊರಗೆ ಈಜುವಂತೆ ಮಾಡಬೇಕು. ಮೀನಿನ ಮೈಶಾಖ ನೀರಿನ ಶಾಖದಂತೆಯೇ ಇರುವುದರಿಂದ ದಿಢೀರ್ ಬದಲಾವಣೆಯನ್ನು ಅದು ತಾಳಲಾರದು.

ಇಂಗ್ಲೆಂಡಿನಲ್ಲಿ ಈ ಪಾಠವನ್ನು ಕಲಿತವರು ಹೊಟ್ಟೆಪಾಡಿನ ಮೀನುಗಾರರಲ್ಲ, ಹವ್ಯಾಸಿಗಳು. ಅಲ್ಲಿ ಗಾಳ ಹಾಕುವವರು ಸಂಘ ಕಟ್ಟಿಕೊಂಡು ಕೆರೆಗಳನ್ನು ಬಾಡಿಗೆಗೆ ಹಿಡಿದು ಬ್ರೀಮ್ ಎಂಬ ಮೀನನ್ನು ಬಿಡುತ್ತಾರೆ. ಅದೂ ನಮ್ಮ ಗೆಂಡೆಗಳ ದೂರದ ದಾಯಾದಿ. ಚಪ್ಪಟೆ, ತಟ್ಟೆಯಂಥ ಮೈ. ಹಿಡಿದು ತೂಗಿ ಮತ್ತೆ ನೀರಿಗೇ ಬಿಡುವ ಪದ್ಧತಿ ಇರುವುದರಿಂದ ಅವರಿಗೆ ಮೀನಿನ ಗಾತ್ರವೇ ಸಕಲ ಲಾಭ. ತುಂಬಿ ತುಳುಕುವ ಕೆರೆಯಲ್ಲಿ ಅಂಗೈ ಅಗಲದ ಬ್ರೀಮ್‌ಗಳು ದಿನಕ್ಕೆ ಡಜನ್ನುಗಟ್ಟಲೆ ಸಿಗುತ್ತವೆ. ಮೀನು ವಿರಳವಾಗಿರುವ ಹಳೆಯ ಜಲ್ಲಿ ಗಣಿಯ ಹೊಂಡಗಳಲ್ಲಿ ರಾತ್ರಿಗಟ್ಟಲೆ ಕಾದರೂ ಒಂದು ಸಿಗದು, ಆದರೆ ಸಿಕ್ಕರೆ ಅದು ದೈತ್ಯ. ಎರಡನ್ನೂ ಒಂದೇ ಕೆರೆಯಲ್ಲಿ ಬಯಸುವ ಸದಸ್ಯರು ಅಲ್ಲಿಯೂ ಇದ್ದಾರೆ.

ಇಕ್ಕಟ್ಟಿನಲ್ಲಿ ಕುಗ್ಗಿದ ಮೀನು ಜೀವಮಾನವಿಡೀ ಕುಬ್ಜವಾಗಿಯೇ ಉಳಿಯುತ್ತದೆಯೆ? ಇಲ್ಲ, ಮತ್ತು ಇದೇ ಇಡೀ ವಿಷಯದ ಸೊಗಸಾದ ಭಾಗ. ಮನುಷ್ಯನ ಎಲುಬು ಹರೆಯ ಮುಗಿದ ಮೇಲೆ ಉದ್ದವಾಗುವುದಿಲ್ಲ. ಗೆಂಡೆ ಮೀನಿಗೆ ಅಂಥ ಬಾಗಿಲು ಮುಚ್ಚುವುದಿಲ್ಲ. ಆಹಾರ ಸಿಕ್ಕರೆ ಬದುಕಿರುವವರೆಗೂ ಅಷ್ಟಿಷ್ಟು ಬೆಳೆಯುತ್ತಲೇ ಇರುತ್ತದೆ. ಆಂಧ್ರದ ಕೊಲ್ಲೇರು ಕಡೆಯ ಮೀನು ಕೃಷಿಕರು ಇದನ್ನೇ ಬಂಡವಾಳ ಮಾಡಿಕೊಂಡರು. ಅವರು ಮರಿಗಳನ್ನು ಒಂದು ವರ್ಷ ಬೇಕೆಂದೇ ಇಕ್ಕಟ್ಟಿನ ಹೊಂಡದಲ್ಲಿ ಅರೆಹೊಟ್ಟೆಯಲ್ಲಿ ಇಟ್ಟು, ಆಮೇಲೆ ವಿಶಾಲವಾದ ಹೊಂಡಕ್ಕೆ ವಿರಳವಾಗಿ ಬಿಡುತ್ತಾರೆ. ತಡೆಹಿಡಿದ ಬೆಳವಣಿಗೆ ಅಲ್ಲಿ ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ. ಮಾರ್ಚ್ ತಿಂಗಳಿಗೆ ಬತ್ತಿಬಿಡುವ ನಮ್ಮ ಸಣ್ಣ ಕೆರೆಗಳಿಗೆ ಇದು ಹೇಳಿ ಮಾಡಿಸಿದ ಉಪಾಯ. ಆಗಸ್ಟಿನಲ್ಲಿ ಬೆರಳುದ್ದದ ಮರಿ ಬಿಟ್ಟರೆ ಏಳು ತಿಂಗಳಲ್ಲಿ ಎಷ್ಟು ಬೆಳೆದೀತು? ಹಿಂದಿನ ವರ್ಷದ ಗಿಡ್ಡ ಮರಿಯನ್ನು ಬಿಟ್ಟರೆ ಅಷ್ಟೇ ದಿನಗಳಲ್ಲಿ ಮಾರುವ ಗಾತ್ರ ಮುಟ್ಟಬಹುದು. ಮೀನಿನ ತೂಕ ಉದ್ದದ ಘನಕ್ಕೆ ಅನುಸಾರವಾಗಿ ಏರುತ್ತದೆ ಎಂಬುದನ್ನೂ ಇಲ್ಲಿ ಮರೆಯಬಾರದು. ಉದ್ದ ಎರಡು ಪಟ್ಟಾದರೆ ತೂಕ ಎಂಟು ಪಟ್ಟು. 50 ಗ್ರಾಮಿನ ಮೀನು ಉದ್ದದಲ್ಲಿ ಇಮ್ಮಡಿಯಾದರೆ 400 ಗ್ರಾಂ. 400 ಗ್ರಾಮಿನದು ಇಮ್ಮಡಿಯಾದರೆ ಮೂರು ಕಿಲೊ ದಾಟುತ್ತದೆ. ಕೊನೆಯ ತಿಂಗಳುಗಳ ಬೆಲೆ ಅದು.

ಬತ್ತುವ ಮಾತು ಬಂದಾಗ ಉಸಿರಿನ ಮಾತನ್ನೂ ಆಡಬೇಕು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, ನಮ್ಮ ಕೆರೆಗಳ ಬೆಚ್ಚಗಿನ ನೀರಿನ ಒಂದು ಲೀಟರಿನಲ್ಲಿ ಗಾಳಿಯಿಂದ ಕರಗುವುದು ಎಂಟು ಮಿಲಿಗ್ರಾಮಿಗಿಂತ ಕಡಿಮೆ. ಹಗಲು ಪಾಚಿ ಅದಕ್ಕೆ ಸೇರಿಸುತ್ತದೆ, ರಾತ್ರಿ ಪಾಚಿಯೂ ಉಸಿರಾಡಿ ಕಳೆಯುತ್ತದೆ. ಬೇಸಿಗೆಯಲ್ಲಿ ನೀರು ಇಳಿದು, ಅಷ್ಟೇ ಮೀನುಗಳು ಚಿಕ್ಕ ಮಡುವಿನಲ್ಲಿ ಸೇರಿಕೊಂಡರೆ ಬೆಳಗಿನ ಜಾವ ಅವೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚುವುದನ್ನು ಕಾಣಬಹುದು. ಅದು ಆಟವಲ್ಲ, ಏದುಸಿರು. 2016–17ರ ಬರದಲ್ಲಿ ನೀರಸಾಗರದಂಥ ಜಲಾಶಯವೇ ತಳ ಕಂಡಿತ್ತು. ಮತ್ತೆ ಅದು ಭರ್ತಿಯಾದದ್ದು 2019ರ ದೊಡ್ಡ ಮಳೆಗೆ. ಆದ್ದರಿಂದ ಮರಿಗಳ ಲೆಕ್ಕ ಹಾಕಬೇಕಾದದ್ದು ಕೋಡಿ ಬಿದ್ದ ದಿನದ ನೀರಿನ ಮೇಲಲ್ಲ, ಏಪ್ರಿಲಿನ ನೀರಿನ ಮೇಲೆ. ಕೋಡಿ ಬಿದ್ದಾಗ ಇನ್ನೊಂದು ನಷ್ಟವೂ ಉಂಟು. ನೀರಿನೊಡನೆ ಹಾರಿಹೋದ ಕಾಟ್ಲಾ ಮಾಗೋಡು ಇಳಿದರೆ ಹಿಂದಿರುಗಿ ಹತ್ತಿ ಬರುವ ಮಾತೇ ಇಲ್ಲ.

ಇನ್ನು ಹಿಡಿಯುವುದು. ಕಣ್ಣಿಬಲೆಯಲ್ಲಿ ಕಣ್ಣಿನ ಅಳತೆಯೇ ನ್ಯಾಯಾಧೀಶ. ಸಣ್ಣ ಕಣ್ಣಿನ ಬಲೆ ಹಾಕಿದರೆ ಮುಂದಿನ ವರ್ಷ ಮೂರು ಕಿಲೊ ಆಗಬೇಕಾದದ್ದು ಈ ವರ್ಷವೇ ಬುಟ್ಟಿ ಸೇರುತ್ತದೆ. ಗಾಳದವರು ಶೇಂಗಾ ಹಿಂಡಿ, ತೌಡು, ಹಿಟ್ಟು ಕಲಸಿದ ಉಂಡೆ ಕಟ್ಟುತ್ತಾರೆ. ಕಾಟ್ಲಾದ ದವಡೆಯಲ್ಲಿ ಹಲ್ಲಿಲ್ಲ, ಇರುವ ಹಲ್ಲುಗಳು ಗಂಟಲಿನಲ್ಲಿ; ಅದು ಕಚ್ಚುವುದಿಲ್ಲ, ನೀರಿನೊಡನೆ ಹೀರುತ್ತದೆ. ಹೀಗಾಗಿ ದೊಡ್ಡ ಮೀನು ಬಂದಾಗಲೂ ಬೆಂಡು ಮುಳುಗುವ ಬದಲು ಸುಮ್ಮನೆ ನಡುಗಬಹುದು. ಕುಣಿಯಬೇಡಿರೋ ಎಂದು ಗಾಳ ಹಿಡಿದ ಹಿರಿಯರು ಗದರಿಸುವುದರಲ್ಲಿಯೂ ವಿಜ್ಞಾನವಿದೆ. ಗೆಂಡೆ ಜಾತಿಯ ಮೀನುಗಳಲ್ಲಿ ಗಾಳಿಚೀಲದಿಂದ ಒಳಗಿವಿಗೆ ಸಣ್ಣ ಎಲುಬುಗಳ ಸರಪಣಿಯೊಂದಿದ್ದು, ದಂಡೆಯ ಮೇಲೆ ದಬದಬ ಕುಣಿದರೆ ನೀರಿನೊಳಗೆ ಅದು ಚೆನ್ನಾಗಿಯೇ ಕೇಳಿಸುತ್ತದೆ.

ವಿದ್ಯಾರ್ಥಿಗಳು ಮಾಡಿ ನೋಡಬಹುದಾದ ಒಂದು ಕೆಲಸವಿದೆ. ಸಂತೆಯಲ್ಲಿ ಮೀನು ಹೆರೆಯುವವರ ಬಳಿ ದೊಡ್ಡ ಗೆಂಡೆಯೊಂದರ ನಾಲ್ಕು ಹುರುಪೆ ಕೇಳಿ ತನ್ನಿ. ಬೆನ್ನಿನ ರೆಕ್ಕೆಯ ಕೆಳಗಿನವು ಉತ್ತಮ. ಸೋಪಿನ ನೀರಿನಲ್ಲಿ ತೊಳೆದು, ಎರಡು ಗಾಜಿನ ಪಟ್ಟಿಗಳ ನಡುವೆ ಇಟ್ಟು, ಶಾಲೆಯ ಸೂಕ್ಷ್ಮದರ್ಶಕದ ಕಡಿಮೆ ಶಕ್ತಿಯಲ್ಲಿ ನೋಡಿ. ಮರದ ಕಾಂಡದಲ್ಲಿ ಇರುವಂತೆ ಅಲ್ಲಿಯೂ ಬಳೆಬಳೆಯಾಗಿ ಗೆರೆಗಳು. ಬೆಳವಣಿಗೆ ಬಿರುಸಾಗಿದ್ದ ಕಾಲದಲ್ಲಿ ಗೆರೆಗಳ ನಡುವೆ ಅಂತರ ಹೆಚ್ಚು, ಕುಂಠಿತವಾದಾಗ ಗೆರೆಗಳು ಒತ್ತೊತ್ತಾಗಿ ಸೇರಿಕೊಳ್ಳುತ್ತವೆ. ಚಳಿದೇಶದ ಮೀನಿನಷ್ಟು ಸ್ಪಷ್ಟವಾಗಿ ನಮ್ಮಲ್ಲಿ ವರ್ಷಗಳು ಕಾಣದಿರಬಹುದು. ಒಂದೇ ಹುರುಪೆ ನೋಡಿ ವಯಸ್ಸು ಹೇಳಿಬಿಡಬೇಡಿ. ಎರಡು ಕೆರೆಗಳ ಒಂದೇ ಜಾತಿಯ ಮೀನುಗಳ ಹುರುಪೆಗಳು ಸಿಕ್ಕರೆ ಅಕ್ಕಪಕ್ಕ ಇಟ್ಟು ಹೋಲಿಸಿ. ಯಾವ ಕೆರೆಯಲ್ಲಿ ಇಕ್ಕಟ್ಟಿತ್ತು ಎಂಬುದನ್ನು ಗುತ್ತಿಗೆದಾರರನ್ನು ಕೇಳದೆಯೇ ಊಹಿಸಬಹುದು.